ಸಮನ್ಸ್ ತುಳಸವ್ವನ ತವರು

ಅಂಕಲಿಯ ಹೊರಗಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಇನ್ನೂ ದೀಪ ಹಚ್ಚಿಕೊಂಡೇ ಸಾಗುತ್ತಿವೆ. ಹೊಳೆಯ ಕಡೆಯಿಂದ ಬಂದ ಮಂಜು ಹೊಲಗಳ ಮೇಲೆ ಹಾಗೇ ಕೂತಿದೆ. ಸೀರೆಯ ಮೇಲೆ ಸ್ವೆಟರು, ತಲೆಗೆ ಮಫ್ಲರು ಸುತ್ತಿಕೊಂಡ ಹೆಂಗಸೊಬ್ಬರು ಸ್ಕೂಟಿಯನ್ನು ಒಂದು ತೋಟದ ಮನೆಯ ಮುಂದೆ ನಿಲ್ಲಿಸುತ್ತಾರೆ. ಜನ ಹೊಲಕ್ಕೆ ಹೋಗುವ ಮೊದಲೇ ಅವರನ್ನು ಹಿಡಿಯಬೇಕು. ತಡವಾದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ.

"ಯಜಮಾನ್ರ, ಕೋರ್ಟಿನಿಂದ ಬಂದೇನ್ರಿ."

ಎಮ್ಮೆ ಹಿಂಡಲು ಹೊರಟಿದ್ದ ಜಿನ್ನಪ್ಪ ಬಕೀಟನ್ನು ಕೆಳಗಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. "ನಾ ಏನೂ ತಗೊಳ್ಳಾಂಗಿಲ್ಲ. ಬಂದ ದಾರಿ ಹಿಡೀರಿ." ಬಂಡಿದಾರಿಯ ವಿಚಾರಕ್ಕೆ ಪಕ್ಕದ ಹೊಲದವನು ಅವರ ಮೇಲೆ ದಾವೆ ಹೂಡಿದ್ದಾನೆ. ಕಾಗದ ಮುಟ್ಟದಿದ್ದರೆ ಕೇಸೂ ತಮ್ಮನ್ನು ಮುಟ್ಟುವುದಿಲ್ಲವೆಂಬುದು ಅವರ ನಂಬಿಕೆ. ಕೊಲ್ಹಾಪುರದ ಕಡೆಯಿಂದ ಬಂದ ಸೊಸೆ ಸ್ನೇಹಲ ಬಾಗಿಲಿಗೆ ಬರುತ್ತಾಳೆ. ಪೊಲೀಸರು ಬರ್ತಾರೇನು ಎಂದು ಕೇಳುತ್ತಾಳೆ.

"ಘಾಬರೂ ನಕಾ ಬಾಳಾ," ಎಂದು ಮೊದಲು ಅವಳ ಮರಾಠಿಯಲ್ಲೇ ಸಮಾಧಾನ ಹೇಳುವ ಹೆಂಗಸು ಆಮೇಲೆ ಕನ್ನಡಕ್ಕೆ ಹೊರಳುತ್ತಾರೆ. "ಇದು ವಾರಂಟ್ ಅಲ್ಲ್ರಿ, ಸಮನ್ಸ್. ಯಾರನ್ನೂ ಹಿಡಕೊಂಡು ಹೋಗೂದಿಲ್ಲ. ಅವರ ಮಾತು ಕೇಳೇವಿ, ಈಗ ನಿಮ್ಮ ಮಾತೂ ಹೇಳ್ರಿ ಅಂತ ಕೋರ್ಟು ಕರದೈತಿ. ನೀವು ತಗೊಳ್ಳಲಿಲ್ಲಂದ್ರ ಬಾಗಲಿಗಿ ಹಚ್ಚಿ ಹೋಗತೇನಿ, ಮುಟ್ಟೇತಿ ಅಂತ ಲೆಕ್ಕ ಆಗತೈತಿ. ಆಮ್ಯಾಲ ನೀವಿಲ್ದನ ಕೇಸ್ ನಡೀತೈತಿ. ಅದು ಬೇಕೇನ್ರಿ?"

ಜಿನ್ನಪ್ಪನ ಕೈ ನಿಧಾನವಾಗಿ ಮುಂದೆ ಬರುತ್ತದೆ. ಪೆನ್ನಿಗಾಗಿ ಚಾಚಿದ ಕೈಯನ್ನು ಹೆಂಗಸು ತಡೆಯುತ್ತಾರೆ. "ಸಹಿ ಆಮ್ಯಾಲ. ಮೊದಲ ಓದಿಸ್ಕೋರಿ." ಮನೆಯ ಮಗ ಎದ್ದು ಬಂದು ಚಳಿಯಲ್ಲಿ ನಿಂತೇ ಕಾಗದವನ್ನು ಗಟ್ಟಿಯಾಗಿ ಓದುತ್ತಾನೆ. ಅದು ಮುಗಿಯುವ ತನಕ ಸ್ಕೂಟಿ ಕಾಯುತ್ತದೆ.

ಇವರು ತುಳಸವ್ವ ಖೋತ. ಚಿಕ್ಕೋಡಿ ಕೋರ್ಟಿನಲ್ಲಿ ಆದೇಶ ಜಾರಿಕಾರರು. ಸರಕಾರಿ ಕಾಗದದಲ್ಲಷ್ಟೇ ಈ ಹೆಸರು. ಊರೂರಿನಲ್ಲಿ ಅವರನ್ನು ಕರೆಯುವುದು 'ಸಮನ್ಸ್ ತುಳಸವ್ವ' ಎಂದು. ದಿನಕ್ಕೆ ಹತ್ತು ಹನ್ನೆರಡು ಮನೆ, ಅರವತ್ತು ಎಪ್ಪತ್ತು ಕಿಲೋಮೀಟರು. ಮಳೆಗಾಲದಲ್ಲಿ ದೂಧಗಂಗಾ ಉಕ್ಕಿ ಸೇತುವೆ ಮುಳುಗಿದರೆ ಸುತ್ತುದಾರಿ ಹಿಡಿದು ಇದರ ಎರಡರಷ್ಟು. ನಾಯಿ ಬಿಟ್ಟವರಿದ್ದಾರೆ. ಬೆಳಗ್ಗೆ ಎದ್ದು ಕೋರ್ಟಿನವಳ ಮುಖ ನೋಡಬೇಕಾಯಿತಲ್ಲ ಎಂದು ಅವರೆದುರೇ ಅಂಗಳಕ್ಕೆ ನೀರು ಹಾಕಿದವರಿದ್ದಾರೆ. ಚಿಕ್ಕೋಡಿಯ ಸಂತೆಯಲ್ಲಿ ಪರಿಚಯದವರು ಕಂಡೂ ಕಾಣದಂತೆ ಆಚೆಗೆ ಸರಿಯುತ್ತಾರೆ.

ಗಂಡ ಮಾಳು ಇದೇ ಕೋರ್ಟಿನಲ್ಲಿ ಜವಾನರಾಗಿದ್ದವರು. ಕಾಮಾಲೆಯಿಂದ ತೀರಿಕೊಂಡ ಮೇಲೆ ಅನುಕಂಪದ ನೌಕರಿ ತುಳಸವ್ವನ ಪಾಲಿಗೆ ಬಂತು. ಹತ್ತನೇ ಇಯತ್ತೆ ಪಾಸಾಗಿದ್ದರಿಂದ ಕಾಗದ ಮುಟ್ಟಿಸುವ ಕೆಲಸ ಸಿಕ್ಕಿತು. ಕಾಗದ ಕೊಟ್ಟು ಸಹಿ ಪಡೆದರೆ ಅವರ ಕೆಲಸ ಮುಗಿಯುತ್ತದೆ. ಆದರೆ ಕಾಗದ ಹಿಡಿದು ಬೆವರುವ ಮುಖಗಳನ್ನು ಹಾಗೇ ಬಿಟ್ಟು ಬರುವುದು ಅವರಿಂದ ಆಗುವುದಿಲ್ಲ.

"ಗೆಲ್ತೀರೋ ಸೋಲ್ತೀರೋ ಅದನ್ನ ನಾ ಹೇಳಬಾರದ್ರಿ, ಹೇಳೂದೂ ಇಲ್ಲ," ಎನ್ನುತ್ತಾರೆ. "ಇದು ಏನು, ಯಾವತ್ತು ಬರಬೇಕು, ಇಷ್ಟ ಹೇಳತೇನಿ. ವಕೀಲರನ್ನ ಹಿಡಿಯಾಕ ಆಗದಿದ್ರ ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿ ಐತಿ, ಅಲ್ಲಿ ಕೇಳ್ರಿ ಅಂತೇನಿ. ಹೆಣಮಕ್ಕಳಿಗಂತೂ ಎಷ್ಟ ಆಸ್ತಿ ಇರ್ಲಿ, ಇಲ್ದಿರ್ಲಿ, ವಕೀಲರನ್ನ ಪುಕ್ಕಟ ಕೊಡ್ತಾರು. ಇದು ಎಷ್ಟ ಮಂದಿಗಿ ಗೊತ್ತೈತ್ರಿ? ನನಗ ಗೊತ್ತಿತ್ತೇನು?"

ಕೊನೆಯ ಪ್ರಶ್ನೆಯನ್ನು ಅವರು ತಮಗೇ ಹಾಕಿಕೊಂಡಂತಿದೆ. ಅದರ ಹಿಂದೆ ಅವರ ತವರಿನ ಕಥೆಯಿದೆ.

ತುಳಸವ್ವನ ತವರು ಸದಲಗಾ. ಅಣ್ಣ ಈಶ್ವರ, ನಡುವೆ ತುಳಸವ್ವ, ಕೊನೆಯವಳು ಕಾಳವ್ವ. ಅಪ್ಪ ತೀರಿಕೊಂಡ ಮರುವರ್ಷ ನಾಗರ ಪಂಚಮಿಗೆ ಅಣ್ಣ ಇಬ್ಬರು ತಂಗಿಯರನ್ನೂ ಕರೆಸಿದ. ಕಾಳವ್ವ ನಿಪ್ಪಾಣಿಯಿಂದ ಬಂದಳು, ತುಳಸವ್ವ ಚಿಕ್ಕೋಡಿಯಿಂದ. ಹೋಳಿಗೆಯ ಊಟವಾಯಿತು, ಇಬ್ಬರಿಗೂ ಇಳಕಲ್ ಸೀರೆ ಬಂತು. ಹಬ್ಬ ಕಳೆದ ಮರುದಿನ ಅಣ್ಣ ಜೀಪು ಮಾಡಿಸಿದ. ಹೊಳೆಯಿಂದ ಹೊಲಕ್ಕೆ ಪೈಪ್‌ಲೈನು ತರಬೇಕು, ಅದಕ್ಕೆ ಮನೆಯವರೆಲ್ಲರ ಸಹಿ ಬೇಕು ಎಂದ.

ನೋಂದಣಿ ಕಚೇರಿಯ ಹೊರಗಿನ ಬೇವಿನ ಗಿಡದ ಕೆಳಗೆ ಟೈಪು ಮಾಡಿಸಿದ ಹಾಳೆಗಳು ಬಂದವು. ಕಾಳವ್ವ ಒಂದು ಹಾಳೆ ಎತ್ತಿಕೊಂಡು, "ಓದಿ ಕೊಡತೇನಿ ತಡಿ ಅಣ್ಣಾ," ಎಂದಳು. ಈಶ್ವರನ ಮುಖ ಕೆಂಪೇರಿತು. ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡ. ಆಗ ತಂಗಿಗೆ ಬೈದವರು ತುಳಸವ್ವ. ಒಡಹುಟ್ಟಿದವನ ಮೇಲೆ ಇಷ್ಟೂ ನಂಬಿಗೆ ಇಲ್ಲವೇ, ನಾಲ್ಕು ಮಂದಿಯ ಮುಂದೆ ಅವನ ಮರ್ಯಾದೆ ಕಳೆಯುತ್ತೀಯಲ್ಲ ಎಂದರು. ಕಾಳವ್ವ ಸೀರೆಯ ಚೀಲವನ್ನು ಜೀಪಿನಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನತ್ತ ನಡೆದುಬಿಟ್ಟಳು. ತುಳಸವ್ವ ಒಳಗೆ ಹೋಗಿ ಸಹಿ ಹಾಕಿದರು.

"ಒಳಗ ಸಾಹೇಬ್ರು ಕೇಳಿದ್ರರಿ, ಒಪ್ಪಿಗಿ ಐತೇನವ್ವಾ ಅಂತ. ನಾ ಹೂಂ ಅಂದೆ. ಓದಾಕ ಬರದಾಕಿ ಆಗಿದ್ರ ಬ್ಯಾರೆ ಮಾತು. ನನಗ ಓದಾಕ ಬರ್ತಿತ್ತು. ಅಣ್ಣ ಕೊಟ್ಟ ಕಾಗದಾ ಅವನ ಮುಂದ ಓದಾಕ ನಾಚಿಕಿ ಬಂತು."

ನೌಕರಿಗೆ ಸೇರಿದ ಹೊಸದರಲ್ಲಿ ರಾಯಬಾಗದ ಕಡೆಯ ಹಳ್ಳಿಯೊಂದರಲ್ಲಿ ನೆಲೆಸಿದ್ದ ಮುದುಕಿಗೆ ಸಮನ್ಸ್ ಮುಟ್ಟಿಸಲು ಹೋದರು. ಓದಿ ಹೇಳವ್ವ ಎಂದು ಆಕೆ ಅಂಗಲಾಚಿದಳು. ಜೊತೆಗಿದ್ದ ಪ್ರತಿಗಳನ್ನು ಓದುತ್ತ ಹೋದಾಗ ಒಂದು ಹಾಳೆಯ ತಲೆಬರಹ ಕಣ್ಣಿಗೆ ಬಿತ್ತು: ಹಕ್ಕು ಬಿಡುಗಡೆ ಪತ್ರ. ತಾನು ಸಹಿ ಹಾಕುವಾಗ ಈ ಅಕ್ಷರಗಳನ್ನು ಕಂಡಿದ್ದೆ ಎಂದು ಅವರಿಗೆ ಒಮ್ಮೆಲೇ ನೆನಪಾಯಿತು. ಮರುದಿನವೇ ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ತಮ್ಮ ಪತ್ರದ ನಕಲು ತೆಗೆಸಿದರು. ಪೈಪ್‌ಲೈನಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅಪ್ಪನ ಹೊಲದಲ್ಲಿ ತನಗಿರುವ ಪಾಲನ್ನು ಅಣ್ಣನಿಗೆ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು.

ಸೇವಾ ಸಮಿತಿಯ ವಕೀಲರು ಬಿಡಿಸಿ ಹೇಳಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಹುಟ್ಟಿನಿಂದಲೇ. ಮೋಸದಿಂದ ಬರೆಸಿಕೊಂಡ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಮೋಸ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು.

ಅವ್ವ ಆಗ ಈಶ್ವರನ ಮನೆಯಲ್ಲೇ ಇದ್ದಳು. ತುಳಸವ್ವ ಹೋಗಿ ಹೇಳಿದಾಗ ಆಕೆ ಮಗಳ ಕೈ ಹಿಡಿದುಕೊಂಡಳು. "ನಾ ಇರೂತನಕ ಕೋರ್ಟು ಬ್ಯಾಡ ಮಗಳ. ಅಂವಾ ನಿನ್ನ ಮ್ಯಾಲಿನ ಸಿಟ್ಟು ನನ್ನ ತಾಟಿನ ಮ್ಯಾಲ ತೋರಸ್ತಾನು." ತುಳಸವ್ವ ದಾವೆ ಹೂಡಲಿಲ್ಲ. ಪಂಚಮಿಗೆ ಕರೆ ಬರುತ್ತಿತ್ತು, ಹೋಗುತ್ತಿದ್ದರು, ಹೋಳಿಗೆ ಉಂಡು ಬರುತ್ತಿದ್ದರು. ಒಂದು ವರ್ಷ ಹೋಯಿತು, ಎರಡು, ಮೂರೂ ಹೋಯಿತು. ಅದಾದ ಮೇಲೂ ಎರಡು ವರ್ಷ ಅವ್ವ ಬದುಕಿದ್ದಳು. ಅವಳ ತಿಥಿಯ ಊಟ ಮುಗಿದ ಮೇಲೆ ಸದಲಗಾದಿಂದ ಕರೆ ಬರಲೇ ಇಲ್ಲ.

"ಮಂದಿಗೆಲ್ಲ ತಾರೀಖು ತಪ್ಪಸಬ್ಯಾಡ್ರಿ ಅಂತ ಹೇಳಾಕಿ ನಾ. ನನ್ನ ತಾರೀಖು ನಾನ ಕಣ್ಣಾರೆ ನೋಡಿ ಬಿಟ್ಟೆ. ಅವ್ವನ ಸಲುವಾಗಿ ಬಿಟ್ಟೆ ಅಂತ ಅಂದ್ಕೋತೇನಿ. ತವರು ಉಳೀತೈತಿ ಅನ್ನೂ ಆಸೆನೂ ಇತ್ತರಿ. ಎರಡೂ ಉಳೀಲಿಲ್ಲ."

ಕಳೆದ ವರ್ಷ ಜೂನ್ ತಿಂಗಳ ಒಂದು ಬೆಳಗ್ಗೆ, ಕೋರ್ಟಿನ ಕಾಗದ ಹಂಚುವ ನಾಜರರ ಮೇಜಿನಿಂದ ಸದಲಗಾದ ಕಟ್ಟು ತುಳಸವ್ವನ ಕೈಗೆ ಬಂತು. ಹೆಸರುಗಳನ್ನು ನೋಡುತ್ತ ಹೋದರು. ವಾದಿ, ಕಾಳವ್ವ. ಒಂದನೇ ಪ್ರತಿವಾದಿ, ಈಶ್ವರ. ಎರಡನೇ ಪ್ರತಿವಾದಿಯ ಜಾಗದಲ್ಲಿ ತಮ್ಮದೇ ಹೆಸರಿತ್ತು. ಸಹಿ ಹಾಕದೆ ಎದ್ದು ಹೋಗಿದ್ದ ತಂಗಿ ಕೊನೆಗೂ ಪಾಲು ಕೇಳಿದ್ದಳು. ಪಾಲಿನ ದಾವೆಯಲ್ಲಿ ಒಡಹುಟ್ಟಿದವರೆಲ್ಲರನ್ನೂ ಸೇರಿಸಬೇಕಾದ್ದರಿಂದ ಅಕ್ಕನ ಹೆಸರೂ ಬಂದಿತ್ತು.

ತುಳಸವ್ವ ಕಟ್ಟನ್ನು ನಾಜರರ ಮೇಜಿನ ಮೇಲಿಟ್ಟು, ಇದು ನಮ್ಮ ಮನೆಯ ಕೇಸು, ನಾನು ಮುಟ್ಟಿಸಬಾರದು ಎಂದರು. ಅದು ಜೊತೆಗಾರ ಬಾಬಾಸಾಹೇಬರ ಪಾಲಿಗೆ ಹೋಯಿತು. ಅವರು ಕೋರ್ಟಿನ ವರಾಂಡದಲ್ಲೇ ತಲೆ ತಗ್ಗಿಸಿ ನಿಂತು, "ಸಹಿ ಮಾಡ್ರಿ ಅಕ್ಕಾರ," ಎಂದು ಕಾಗದ ಚಾಚಿದರು. ಇಷ್ಟು ವರ್ಷ ಕೊಡುತ್ತಿದ್ದ ಕೈ ಅಂದು ತೆಗೆದುಕೊಂಡಿತು.

ಆ ವಾರವೇ ಈಶ್ವರ ಚಿಕ್ಕೋಡಿಗೆ ಬಂದ. ಅವ್ವ ಸತ್ತ ಮೇಲೆ ತಂಗಿಯ ಮನೆ ಹೊಸ್ತಿಲು ತುಳಿದದ್ದು ಅದೇ ಮೊದಲು. ಒಂದು ಗೊನೆ ಬಾಳೆಹಣ್ಣು ತಂದಿದ್ದ.

"ನೀ ಒಂದ ಮಾತು ಹೇಳಿದ್ರ ಮುಗೀತೈತಿ ತುಳಸಾ. ಕಾಳಿ ಅವತ್ತ ನಿನ್ನ ಮುಂದ, ನನಗೇನೂ ಬ್ಯಾಡ ಅಂದಿದ್ದಳು ಅಂತ ಬರದು ಕೊಡು. ಕೋರ್ಟಿನಾಕಿ ನೀ, ನಿನ್ನ ಮಾತು ನಂಬತಾರು."

"ಆಕಿ ಹಂಗ ಅನಲಿಲ್ಲಣ್ಣಾ. ಓದತೇನಿ ಅಂದ್ಳು, ಅಷ್ಟ. ಅಂದಿದ್ರೂ ಬಾಯಿಮಾತಿನ್ಯಾಗ ಹೊಲದ ಹಕ್ಕು ಹೋಗೂದಿಲ್ಲ. ರಜಿಸ್ಟರ್ ಆದ ಪತ್ರ ಬೇಕು. ಆಕಿ ಸಹಿ ಹಾಕಿಲ್ಲ."

"ಅಂದ್ರ ನಿನಗೂ ಅಣ್ಣ ಬ್ಯಾಡಾದ."

"ನಾ ನನ್ನ ಪಾಲು ಕೇಳಾಕತ್ತಿಲ್ಲ. ಸುಳ್ಳ ಮಾತ್ರ ಬರದು ಕೊಡಾಂಗಿಲ್ಲ."

ಈಶ್ವರ ಬಾಳೆಹಣ್ಣು ಅಲ್ಲೇ ಬಿಟ್ಟು ಹೋದ. ತುಳಸವ್ವ ಅದನ್ನು ತಿನ್ನಲೂ ಆಗದೆ ಎಸೆಯಲೂ ಆಗದೆ ಓಣಿಯ ಮಕ್ಕಳಿಗೆ ಹಂಚಿದರು. ನಿಗದಿತ ಅವಧಿಯೊಳಗೆ ಸೇವಾ ಸಮಿತಿಯ ವಕೀಲರ ಮೂಲಕ ತಮ್ಮ ಹೇಳಿಕೆ ಸಲ್ಲಿಸಿದರು. ನನ್ನ ಪತ್ರಕ್ಕೆ ಸಹಿ ಹಾಕಿದ್ದು ನಿಜ, ತಂಗಿ ಹಾಕಿಲ್ಲ, ಹಕ್ಕು ಬಿಟ್ಟೆನೆಂದು ಹೇಳಿಯೂ ಇಲ್ಲ ಎಂದಷ್ಟೇ ಅದರಲ್ಲಿತ್ತು. ಅದನ್ನು ಓದಿದ ಮೇಲೆ ರಾಜಿಯೇ ವಾಸಿ ಎಂದು ಈಶ್ವರನ ವಕೀಲರೇ ಅವನಿಗೆ ಬುದ್ಧಿ ಹೇಳಿದರು.

ಡಿಸೆಂಬರಿನ ಲೋಕ ಅದಾಲತ್ತಿನಲ್ಲಿ ಕೇಸು ಮುಗಿಯಿತು. ಮೂರು ಪಾಲಿನಲ್ಲಿ ಒಂದು ಕಾಳವ್ವನಿಗೆ, ಎರಡು ಈಶ್ವರನಿಗೆ. ಆ ಎರಡರಲ್ಲಿ ಒಂದು ತುಳಸವ್ವನದಾಗಿತ್ತು. ಯಾರೂ ಆ ಮಾತು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸಹಿಯಾದ ಮೇಲೆ ಈಶ್ವರ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ತಂಗಿಯನ್ನು ಬಸ್ಸಿಗೆ ಹತ್ತಿಸಲು ತುಳಸವ್ವ ಸ್ಟ್ಯಾಂಡಿನವರೆಗೂ ಹೋದರು. ಇಬ್ಬರೂ ಸಿಮೆಂಟಿನ ಬೆಂಚಿನ ಮೇಲೆ ಕೂತರು. ನಿನಗ ಬೈಬಾರದಾಗಿತ್ತು ಎಂದರು ತುಳಸವ್ವ.

"ಬೈದದ್ದು ಹೋಗ್ಲಿ ಅಕ್ಕಾ. ಅವತ್ತ ನೀ ನನ್ನ ಕಡೆ ನಿಂತಿದ್ರ ಅಂವಾ ಕಸಗೊಂಡ ಕಾಗದಾ ಹೊಳ್ಳಿ ಕೊಡತಿದ್ದ. ನಾ ಓದಿದ್ರ ನಿನಗೂ ಗೊತ್ತಾಗತಿತ್ತು. ಇಬ್ರೂ ಕೂಡೇ ಹೊಳ್ಳಿ ಬರ್ತಿದ್ವಿ."

ನಿಪ್ಪಾಣಿಯ ಬಸ್ಸು ಬಂತು. ಈಗ ಆಗೊಮ್ಮೆ ಈಗೊಮ್ಮೆ ಫೋನು ಬರುತ್ತದೆ. ಮಳೆ, ಬೆಳೆ, ಮೊಣಕಾಲು ನೋವು, ಅಷ್ಟೇ ಮಾತು. ಕಳೆದುಹೋದ ವರ್ಷಗಳ ಮಾತು ಇಬ್ಬರೂ ಆಡುವುದಿಲ್ಲ.

ಈಗಲೂ ತುಳಸವ್ವನ ಚೀಲದಲ್ಲಿ ಹೆಣ್ಣುಮಕ್ಕಳು ಹೂಡಿದ ಪಾಲಿನ ದಾವೆಗಳ ಸಮನ್ಸ್ ಇದ್ದೇ ಇರುತ್ತವೆ. ಅಣ್ಣತಮ್ಮಂದಿರು ಅಂಗಳದಲ್ಲಿ ನಿಂತು ಕೂಗಾಡುತ್ತಾರೆ. ಅಕ್ಕ ಕಳ್ಳಿ, ತಂಗಿ ಮನೆಮುರುಕಿ ಎನ್ನುತ್ತಾರೆ. ತುಳಸವ್ವ ಕೂಗು ಮುಗಿಯುವ ತನಕ ನಿಲ್ಲುತ್ತಾರೆ. "ಆಕಿ ನಿಮ್ಮದು ಕೇಳಾಕತ್ತಿಲ್ಲ್ರಿ, ಆಕಿದು ಕೇಳಾಕತ್ತಾಳು," ಎಂದು ಮೆಲ್ಲಗೆ ಹೇಳಿ ಕಾಗದ ಕೊಡುತ್ತಾರೆ. ಕೆಲವರು ಯೋಚನೆಗೆ ಬೀಳುತ್ತಾರೆ. ಬಹಳಷ್ಟು ಮಂದಿ ಬೀಳುವುದಿಲ್ಲ.

ನಿವೃತ್ತಿಗೆ ಇನ್ನು ಎರಡು ವರ್ಷ. ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ತುಳಸವ್ವ ನಗುತ್ತಾರೆ.

"ಬರೇ ಕೈಲೇ ಒಬ್ಬರ ಮನಿಗಿ ಹೋಗಬೇಕ್ರಿ. ಇಷ್ಟ ವರ್ಷ ಯಾರ ಬಾಗಲಾ ಬಡದ್ರೂ ಅವರ ಕಣ್ಣು ಮೊದಲ ನನ್ನ ಕೈ ಮ್ಯಾಲ ಹೋಗತೈತಿ, ಏನ್ ಕಾಗದಾ ತಂದಾಳು ಅಂತ. ಒಮ್ಮೆರ ಬಾಗಲಾ ತಗದವ್ರು ನನ್ನ ಮಾರಿ ನೋಡಬೇಕು, ಬಾ ಅನಬೇಕು."

ಮೊದಲು ಯಾರ ಮನೆಗೆ?

ಅವರು ಸ್ಕೂಟಿಯ ಕನ್ನಡಿಯ ಮೇಲಿನ ಮಂಜನ್ನು ಸೆರಗಿನಿಂದ ಒರೆಸುತ್ತಾರೆ. "ಸದಲಗಾಕ್ಕ ಹೋಗಬೇಕಂತೈತ್ರಿ," ಎನ್ನುತ್ತಾರೆ. "ಬಾಗಲಾ ತಗದ್ರ."