ಕೂತು ಕೇಳಿದ ವಾಕ್ಯ

ನರಗುಂದದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದನ್ನು ಬಿಟ್ಟು ರೋಣದಲ್ಲಿ ನೆಲೆಸಿದ್ದ ಆ ವರ್ಷಗಳಲ್ಲಿ ಹೊಸ ಕೆಲಸ ಯಾವುದನ್ನೂ ಒಪ್ಪಿಕೊಳ್ಳುವ ಹುರುಪು ನನ್ನಲ್ಲಿ ಉಳಿದಿರಲಿಲ್ಲ. ಆದರೂ ಒಂದನ್ನು ಒಪ್ಪಿಕೊಂಡೆ. ಕೇಳಿದವರು ನರಗುಂದದ ಕಾಳಿನ ದಲಾಲಿ ಅಂಗಡಿಯೊಂದರ ಗುಮಾಸ್ತರು. ಊರಿನ ಕೆಲವೇ ಕ್ರೈಸ್ತ ಮನೆಗಳು ಸೇರಿ ನಡೆಸುತ್ತಿದ್ದ ಪ್ರಾರ್ಥನಾ ಸಭೆಯಲ್ಲಿ ಭಾನುವಾರ ಧರ್ಮಗ್ರಂಥದ ಪಾಠ ಓದುತ್ತಿದ್ದವರು ಅವರೇ. ಅವರಿಗಿಂತ ಮುಂಚೆ ಅವರ ತಂದೆ ಓದುತ್ತಿದ್ದರಂತೆ. ಪಾಠಕ್ಕೆ ಎಲ್ಲರೂ ಎದ್ದು ನಿಲ್ಲುವುದು, ಮಿಕ್ಕ ಪ್ರಕಟಣೆ, ಉಪದೇಶಗಳಿಗೆ ಕೂರುವುದು ಅಲ್ಲಿಯ ರೂಢಿ. ವಾರವಿಡೀ ಮಾಲೀಕರೆದುರು ತಾವೇ ನಿಂತಿರಬೇಕಾದ ಗುಮಾಸ್ತರೆದುರು ಉಳಿದವರು ನಿಲ್ಲುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಅದು ಅವರಿಗೆ ಎಷ್ಟು ಪ್ರಿಯವೆಂಬುದು ನನಗೆ ತಿಳಿದಿತ್ತು.

ಅಚ್ಚಾದ ಅನುವಾದದ ಕನ್ನಡ ಹಳೆಯದು, ಗ್ರಾಂಥಿಕವಾದದ್ದು. "ಮುದುಕರು ನಿಂತು ಕಾಲು ನೋಯಿಸ್ಕೋತಾರ ಅಷ್ಟರೀ ಸರ, ಏನೂ ತಿಳ್ಯಾಂಗಿಲ್ಲ. ಒಂದು ಭಾಗ ನಮ್ಮ ಮಾತಿನಾಗ ಮಾಡಿಕೊಡ್ರಿ" ಎಂದರು.

ಆಡುಮಾತಿನ ಧಾಟಿಯನ್ನು ಇಂಗ್ಲಿಷ್ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುತ್ತಲೇ ಮಧ್ಯವಯಸ್ಸಿಗೆ ಬಂದವನು ನಾನು. ಆದರೆ ಆ ಧರ್ಮಗ್ರಂಥದ ಇಂಗ್ಲಿಷ್ ಅನುವಾದಗಳ ಚರಿತ್ರೆಯನ್ನು ಬಹಳ ಕಾಲ ಓದಿದ್ದೆ. ಅದನ್ನು ಕೇಳುವವರೊಬ್ಬರು ಸಿಕ್ಕರೆಂದು ಒಪ್ಪಿದೆ. ಕಾಳಿನ ಹರಾಜು ಮುಗಿದ ಮಧ್ಯಾಹ್ನಗಳಲ್ಲಿ ರೋಣದಿಂದ ಬಂದು, ಅಂಗಡಿಯ ಅಟ್ಟದ ಮೇಲೆ, ಚೀಲಗಳ ನಡುವೆ ಕುಳಿತು ಹೇಳಿದೆ: ಒಂದು ಕಾಲಕ್ಕೆ ಬಿಷಪ್ಪರ ಅಪ್ಪಣೆಯಿಲ್ಲದೆ ದೇವರ ಮಾತನ್ನು ಜನರ ಇಂಗ್ಲಿಷಿಗೆ ತರುವುದೇ ಅಪರಾಧವಾಗಿತ್ತು, ತಂದವನೊಬ್ಬನನ್ನು ಕಂಬಕ್ಕೆ ಕಟ್ಟಿ, ಕತ್ತು ಬಿಗಿದು ಕೊಂದು ಸುಟ್ಟರು, ಕೆಲವೇ ವರ್ಷಗಳಲ್ಲಿ ದೊರೆಯೇ ಇಂಗ್ಲಿಷ್ ಪ್ರತಿಯನ್ನು ಚರ್ಚುಗಳಲ್ಲಿ ಇಡಿಸಿದ, ಸತ್ತವನ ಎಷ್ಟೋ ಮಾತುಗಳು ಹೆಸರಿಲ್ಲದೆ ಅದರಲ್ಲಿದ್ದವು, ಮುಂದೆ ಬಂದ ಇನ್ನೊಬ್ಬ ದೊರೆ ಪಂಡಿತರನ್ನು ಕೂಡಿಸಿ, ಹಳೆಯದನ್ನು ಆದಷ್ಟು ಕದಲಿಸಬೇಡಿ, ಚರ್ಚಿನ ರೂಢಿಯ ಪದಗಳನ್ನು ಬದಲಿಸಬೇಡಿ ಎಂದು ಕಟ್ಟಪ್ಪಣೆ ಮಾಡಿದ.

ಗುಮಾಸ್ತರು ಎಲ್ಲವನ್ನೂ ಕೇಳಿ, "ನನ್ನನ್ನೇನು ಸುಡಾಂಗಿಲ್ಲಲ್ರಿ ಸರ?" ಎಂದರು.

ಆ ಪಂಡಿತರ ಪದ್ಧತಿಯನ್ನೇ ನಾವೂ ಹಿಡಿದೆವು. ಒಬ್ಬ ಗಟ್ಟಿಯಾಗಿ ಓದಬೇಕು. ಮಿಕ್ಕವರು ಬೇರೆ ಬೇರೆ ಭಾಷೆಯ ಪ್ರತಿಗಳನ್ನು ಹಿಡಿದು ಕೇಳಬೇಕು. ತಪ್ಪು ಕಂಡರೆ ಮಾತ್ರ ತಡೆಯಬೇಕು. ನಾನು ಇಂಗ್ಲಿಷ್ ಪ್ರತಿ ಹಿಡಿದೆ, ಅವರು ನನ್ನ ಕರಡನ್ನು ಓದಿದರು. ಆರಿಸಿಕೊಂಡದ್ದು ಕಳೆದುಹೋದ ಕುರಿಯನ್ನು ಹುಡುಕಿಕೊಂಡು ಹೋಗುವವನ ಕಥೆ. ಸಣ್ಣ ಕಥೆಗೆ ಒಂದು ಬೇಸಿಗೆ ಹಿಡಿಯಿತು. ನನ್ನ ಪ್ರತಿಯೊಂದು ಕ್ರಿಯಾಪದವನ್ನೂ ಅವರು ಮನೆಯ ಮಾತಿಗೆ ಎಳೆಯುತ್ತಿದ್ದರು, ನಾನು ಪುಸ್ತಕದ ಕಡೆಗೆ ಎಳೆಯುತ್ತಿದ್ದೆ. ಕೊನೆಗೆ ದಣಿದು ಬಿಟ್ಟುಕೊಟ್ಟವನು ನಾನೇ.

ಗದಗಿನಿಂದ ತಿಂಗಳಿಗೊಮ್ಮೆ ಬರುವ ಪಾದ್ರಿಗಳು ಇದ್ದ ಭಾನುವಾರವೇ ಓದುವುದೆಂದು ಅವರು ಹಟ ಹಿಡಿದರು, ಕದ್ದು ಓದಿದಂತಾಗಬಾರದಂತೆ. ನಾನು ಹಿಂದಿನ ಚಾಪೆಯ ಮೇಲೆ ಕುಳಿತಿದ್ದೆ. ಗುಮಾಸ್ತರು ಪೀಠದ ಬಳಿ ಹೋಗಿ ಹಾಳೆ ಬಿಚ್ಚಿ ಓದತೊಡಗಿದರು. ಯಾರೂ ಏಳಲಿಲ್ಲ. ಮೊದಲ ಸಾಲಿಗೇ ಅರ್ಥವಾದ ಆ ಮಾತನ್ನು ಜನ ಪ್ರಕಟಣೆ ಎಂದುಕೊಂಡಿದ್ದರು. ಊರಿನ ಯಾರದೋ ಕುರಿ ತಪ್ಪಿಸಿಕೊಂಡಿದೆ ಎಂದು ಕಿವಿಗೊಟ್ಟಿದ್ದರು.

ನಡುವೆ, ಗುಮಾಸ್ತರು ಚಿಗವ್ವ ಎಂದು ಕರೆಯುವ ಅವರ ಮುದಿ ಚಿಕ್ಕಮ್ಮ ತಡೆದಳು. "ಅಲ್ಲೋ ತಮ್ಮಾ, ಆತ ಒಂದನ್ನ ಹುಡುಕಾಕ ಹ್ವಾದರ ಉಳಿದ ಕುರಿ ಯಾರು ಕಾಯಾವ್ರು?"

"ಅವನ ಹೇಣ್ತಿ ಇರ್ತಾಳ ಬಿಡಬೇ" ಎಂದರು ಹಿಂದಿನಿಂದ ಯಾರೋ. ಸಭೆ ನಕ್ಕಿತು. ಗುಮಾಸ್ತರೂ ನಗುತ್ತಲೇ ಓದಿ ಮುಗಿಸಿದರು. ಅವರು ಓದಿದ್ದು ಪಾಠವೆಂದು ಕೆಲವರಿಗೆ ಮನೆಗೆ ಹೋದ ಮೇಲೆ ಗೊತ್ತಾಯಿತಂತೆ.

ಪಾದ್ರಿಗಳು ಗದರಲಿಲ್ಲ. ಸಭೆ ಚದುರಿದ ಮೇಲೆ ನಮ್ಮಿಬ್ಬರನ್ನೂ ಕರೆದು, ಅನುವಾದ ಚೆನ್ನಾಗಿದೆ ಎಂದೇ ಆರಂಭಿಸಿದರು. ಆದರೆ ಜನ ಯಾವುದಕ್ಕೆ ಏಳುವುದಿಲ್ಲವೋ ಅದನ್ನು ಪಾಠವೆಂದು ಪೀಠದಿಂದ ಓದಿಸಲು ತಮಗೆ ಅಧಿಕಾರವಿಲ್ಲ. ಇನ್ನು ಮುಂದೆ ಅಚ್ಚಾದದ್ದೇ ಆಗಬೇಕು. ಅದಕ್ಕೆ ಒಪ್ಪಿಗೆಯಿದ್ದರೆ ಗುಮಾಸ್ತರೇ ಓದಲಿ, ಇಲ್ಲವಾದರೆ ಬೇರೆಯವರಿಗೆ ಬಿಡಲಿ. ವಾದಿಸಲು ನನ್ನ ಬಳಿ ಒಂದು ದೇಶದ ಚರಿತ್ರೆಯೇ ಇತ್ತು. ಆದರೆ ನಾನು ಬಸ್ಸಿನ ಹೊತ್ತು ನೋಡಿಕೊಂಡೆ. ಗುಮಾಸ್ತರು ಪೀಠದ ಕಡೆ ಒಮ್ಮೆ ನೋಡಿದರು. "ಓದ್ತೇನ್ರಿ" ಎಂದರು.

ಮುಂದಿನ ಭಾನುವಾರ ನಾನು ಹೋಗಬೇಕಾಗಿರಲಿಲ್ಲ, ಹೋದೆ. ಅವರು ಅಚ್ಚಾದ ಪುಸ್ತಕ ಬಿಚ್ಚಿದರು. ಎಲ್ಲರೂ ಎದ್ದರು. ಚಿಗವ್ವ ಗೋಡೆ ಹಿಡಿದು ಎದ್ದು, ಪಾಠ ಮುಗಿಯುವವರೆಗೆ ಕಾಲು ಬದಲಿಸುತ್ತ ನಿಂತಳು. ಕೂತ ಮೇಲೆ ಉಸಿರು ಬಿಟ್ಟು ಕೇಳಿದಳು.

"ಆ ಕುರಿ ಸುದ್ದಿ ಇವತ್ತಿಲ್ಲೇನೋ?"

ಗುಮಾಸ್ತರು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. "ಊಟಕ್ಕ ಕುಂತಾಗ ಹೇಳ್ತೇನಬೇ" ಎಂದರು.

ನಾನು ಊಟಕ್ಕೆ ನಿಲ್ಲದೆ ರೋಣದ ಬಸ್ಸು ಹಿಡಿದೆ.