ಮೂರನೇ ಸಾಲಿನ ದನಿ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ಕೂಗುವವರು ಯಾರೂ ಇರಲಿಲ್ಲ. ಪ್ರಾಯದಲ್ಲಿ ಎಲ್ಲರೂ ರಾಗದಣ್ಣ ಅಂದರು, ತಲೆ ನರೆತ ಮೇಲೆ ರಾಗದಜ್ಜ ಅಂದರು. ಅಣ್ಣ ಅಜ್ಜನಾದದ್ದು ಯಾವಾಗ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ ಬಿಡಿ.

ವಾರವಿಡೀ ಅವನು ಮರದ ಮಿಲ್ಲಿನವನು. ದೊಡ್ಡ ಗರಗಸದ ಮುಂದೆ ನಿಂತು ದಿಮ್ಮಿ ಸೀಳುವ ಕೆಲಸ. ಸಂಜೆ ಮನೆಗೆ ಬಂದರೆ ಹುಬ್ಬಿನಲ್ಲಿ, ಅಂಗಿಯ ಜೇಬಿನಲ್ಲಿ, ಕಿವಿಯ ಸುರುಳಿಯಲ್ಲಿ ಎಲ್ಲ ಕಡೆ ಮರದ ಹೊಟ್ಟು. ಮೋಟಾರು ಹಾಕುವ ಮೊದಲು ಗರಗಸದ ಪಟ್ಟಿಯನ್ನು ಬೆರಳಿನಿಂದ ಮೀಟಿ ನೋಡುತ್ತಿದ್ದ. ಟಣ್ ಅಂದರೆ ಬಿಗಿಯಾಗಿದೆ, ದಬ್ ಅಂದರೆ ಇನ್ನೊಂದು ಸುತ್ತು ತಿರುಗಿಸಬೇಕು. ಮಿಲ್ಲಿನಲ್ಲಿ ಎಲ್ಲರೂ ಹಾಗೇ ನೋಡುತ್ತಿದ್ದರು, ಆದರೆ ಮೀಟಿದ ಮೇಲೆ ಅದೇ ಶ್ರುತಿಗೆ ಒಂದು ಕೀರ್ತನೆ ಎತ್ತಿಕೊಳ್ಳುತ್ತಿದ್ದವನು ಇವನೊಬ್ಬನೇ.

ಭಾನುವಾರ ಅದೇ ಕಿವಿ ಹೊತ್ತು ಮೆಥೊಡಿಸ್ಟ್ ಚರ್ಚಿಗೆ ಬರುತ್ತಿದ್ದ. ಸೈಕಲ್ ರಿಪೇರಿ ಅಂಗಡಿ ದಾಟಿ, ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾದ ಓಣಿಯ ಕೊನೆಯಲ್ಲಿ ಆ ಚರ್ಚು. ಒಂದು ಉದ್ದನೆಯ ಕೋಣೆ, ಎರಡು ಕಂಬ, ಸಾಲು ಬೆಂಚು, ಮುಂದೆ ಮೊಣಕಾಲೂರುವ ಕಟಾಂಜನ. ಹಳೆಯ ಹಾರ್ಮೋನಿಯಂ ಒಂದಿತ್ತು, ಅದರ ತಿದಿಯನ್ನು ಇಲಿ ತಿಂದು ಮುಗಿಸಿತ್ತು. ಹೊಸದು ತರೋಣ ಅಂತ ಪ್ರತಿ ಮೀಟಿಂಗಿನಲ್ಲೂ ಮಾತು ಏಳುತ್ತಿತ್ತು, ಚಹಾ ಬಂದ ಕೂಡಲೇ ಕೂರುತ್ತಿತ್ತು. ಹೀಗಾಗಿ ರಾಗದಣ್ಣನ ಗಂಟಲೇ ಹಾರ್ಮೋನಿಯಂ ಆಯಿತು. ಅವನು ಎದ್ದು ಮುಂದೆ ನಿಂತು, ಕಣ್ಣು ಮುಚ್ಚಿ, ಮೊದಲ ಸಾಲು ಎತ್ತಿಕೊಟ್ಟರೆ ಸಭೆ ಹಿಂದಿನಿಂದ ಹಿಡಿದುಕೊಳ್ಳುತ್ತಿತ್ತು.

ಈ ಚರ್ಚಿನವರಿಗೆ ಹಾಡು ಅಂದರೆ ಆರಾಧನೆಯ ಮಧ್ಯೆ ಬರುವ ವಿಶ್ರಾಂತಿಯಲ್ಲ. ದೇವರ ಕೃಪೆ ಎಲ್ಲರಿಗೂ ಇದೆ, ಆರಿಸಿದ ನಾಲ್ಕು ಜನಕ್ಕಲ್ಲ ಅನ್ನುವುದು ಅವರ ಮೊದಲ ನಂಬಿಕೆ. ಕೃಪೆ ಎಲ್ಲರಿಗೂ ಅಂದ ಮೇಲೆ ಹಾಡೂ ಎಲ್ಲರಿಗೂ. ಪಾಸ್ಟರ ಬೋಧನೆಯ ಹೊತ್ತಿಗೆ ತೂಕಡಿಸಿದರೆ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಹಾಡುವಾಗ ಬಾಯಿ ಮುಚ್ಚಿ ಕೂತರೆ ಮಾತ್ರ ಪಕ್ಕದವರು ಮೊಣಕೈಯಲ್ಲಿ ತಿವಿಯುತ್ತಾರೆ.

ರಾಗದಣ್ಣನೂ ಇದನ್ನೇ ಹೇಳುತ್ತಿದ್ದ. ಹೇಳುವುದೊಂದು, ಕಿವಿಯ ಹಟ ಇನ್ನೊಂದು. ಅವನಿಗೆ ಮದುವೆಯಾದ ಹೊಸತರಲ್ಲಿ ಹೀಗಾಯಿತು. ಸಭೆಯೆಲ್ಲ ಒಂದು ಶ್ರುತಿಯಲ್ಲಿ ಹೋಗುತ್ತಿದ್ದರೆ, ಮೂರನೇ ಸಾಲಿನ ಕಂಬದ ಕಡೆಯಿಂದ ಒಂದು ಹೆಣ್ಣು ದನಿ ಒಂದೆಳೆ ಕೆಳಗೆ ಎಳೆದುಕೊಂಡು ಬರುತ್ತಿತ್ತು. ಕೆಲವು ವಾರ ಸಹಿಸಿಕೊಂಡ. ಒಂದು ಭಾನುವಾರ ತಡೆಯಲಾರದೆ ಕೈ ಎತ್ತಿ ಹಾಡು ನಿಲ್ಲಿಸಿಯೇಬಿಟ್ಟ. ಮೂರನೇ ಸಾಲಿನಲ್ಲಿ ಯಾರೋ ಶ್ರುತಿ ಕೆಡಿಸ್ತಾ ಇದ್ದಾರೆ, ಯಾರು ಅನ್ನೋದು ನನಗೆ ಬೇಡ, ಅವರು ದಯವಿಟ್ಟು ಮನಸ್ಸಿನಲ್ಲೇ ಹಾಡಿಕೊಳ್ಳಲಿ ಅಂದ. ಮುಂದಿನ ವಾರದಿಂದ ಆ ದನಿ ಇಲ್ಲ. ಅದು ಅದೇ ಸಾಲಿನಲ್ಲಿ ಕೂರುತ್ತಿದ್ದ, ಆಸ್ಪತ್ರೆಯ ಕಾಂಪೌಂಡರನ ಅತ್ತೆಯದೇ ಅಂತ ಅವನಿಗೆ ಖಾತ್ರಿ. ಆ ಅತ್ತೆ ಸಾಯುವ ತನಕ ಎದುರಿಗೆ ಸಿಕ್ಕಾಗಲೆಲ್ಲ ಸ್ವಲ್ಪ ಜಾಸ್ತಿಯೇ ಮರ್ಯಾದೆ ಕೊಟ್ಟು ಮಾತಾಡಿಸುತ್ತಿದ್ದ, ಪಾಪ.

ಅನ್ನ ಕೊಟ್ಟ ಮಿಲ್ಲೇ ಕೊನೆಗೆ ಕಿವಿ ತಿಂದಿತು. ರಿಟೈರಾಗುವ ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಅವನಿಗೇನು ಗೊತ್ತು? ಜನ ಈಗ ಗೊಣಗುವುದು ಜಾಸ್ತಿ ಅಂದುಕೊಂಡ. ತನ್ನ ದನಿ ತನಗೇ ಸರಿಯಾಗಿ ಕೇಳದೆ, ಕೇಳುವ ತನಕ ಎತ್ತರಿಸಿದ. ಹಾಡುಗಳು ತಿಂಗಳಿಂದ ತಿಂಗಳಿಗೆ ಮೇಲೇರಿದವು. ಸಭೆಯವರೋ, ಎಂಥ ಜನ ಅಂತೀರಿ, ಒಬ್ಬರೂ ತುಟಿ ಬಿಚ್ಚಲಿಲ್ಲ. ರಾಗದಜ್ಜನಿಗೆ ಹೇಗೆ ಹೇಳುವುದು ಅಂತ ಕತ್ತಿನ ನರ ಉಬ್ಬಿಸಿಕೊಂಡು ಅವನ ಹಿಂದೆಯೇ ಹತ್ತಿದರು. ಹಿಂದಿನ ಬೆಂಚಿನ ಬೇಕರಿಯವನಿಗೆ ಕೊನೆಯ ಚರಣದಲ್ಲಿ ಕೆಮ್ಮು ಬರುವುದು ರೂಢಿಯಾಯಿತು.

ಮೆಥೊಡಿಸ್ಟರಲ್ಲಿ ಪಾಸ್ಟರುಗಳು ಒಂದೇ ಕಡೆ ಬೇರು ಬಿಡುವಂತಿಲ್ಲ, ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತದೆ. ಹಾಗೆ ಹೊಸದಾಗಿ ಬಂದವರೊಬ್ಬರು ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತ, ಎಲ್ಲರೂ ಇರುವಾಗ, ಮುಗ್ಧವಾಗಿ ಒಂದು ಮಾತು ಕೇಳಿದರು. ಇಷ್ಟು ಎತ್ತರದ ಶ್ರುತಿಯಲ್ಲಿ ಹಾಡುವುದು ಈ ಸಭೆಯ ಹಳೆಯ ಪದ್ಧತಿಯೇ? ಬೇಕರಿಯವನು ಕಿಸಕ್ಕನೆ ನಕ್ಕ, ನಕ್ಕವನು ಅಲ್ಲೇ ನಿಲ್ಲಿಸಿದ. ಎಲ್ಲರೂ ತಂತಮ್ಮ ಲೋಟದೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ನೋಡತೊಡಗಿದರು. ಪಾಸ್ಟರ ಮಾತು ರಾಗದಜ್ಜನಿಗೆ ಅರ್ಧ ಕೇಳಿತ್ತು. ಉಳಿದರ್ಧ ಆ ಮುಖಗಳನ್ನು ನೋಡಿಯೇ ತಿಳಿಯಿತು.

ಮನೆಗೆ ಬಂದು ಮಗನನ್ನು ಕೇಳಿದ. ಮಗ ತೊದಲಿದ. ಸೊಸೆ ಶಾಲೆಯಲ್ಲಿ ಪಾಠ ಹೇಳುವವಳು, ಸುತ್ತಿಬಳಸುವ ಅಭ್ಯಾಸವಿಲ್ಲ. ಹೌದು ಮಾವ, ತುಂಬಾ ದಿನದಿಂದ ಹೀಗಿದೆ, ಮೊದಲು ಕಿವಿ ತೋರಿಸೋಣ ಅಂದಳು. ಡಾಕ್ಟರಿಗೆ ತೋರಿಸಿಕೊಂಡು ಬಂದ ಮಾರನೆಯ ದಿನ ರಾಗದಜ್ಜ ತಾನೇ ಪಾಸ್ಟರ ಮನೆಗೆ ಹೋಗಿ, ಇನ್ನು ಮುಂದೆ ನನ್ನ ಕೈಲಾಗಲ್ಲ ಅಂದು ಬಂದ. ಪಾಸ್ಟರು ಆ ಜಾಗಕ್ಕೆ ಸೊಸೆಯನ್ನೇ ಕೇಳಿದರು. ಅವಳು ಮಾವನ ಮುಖ ನೋಡಿದಳು, ಮಾವ ಒಪ್ಪಿಕೋ ಅಂದ. ಅಂದದ್ದು ಬಾಯಿ ಮಾತ್ರ. ಆಮೇಲೆ ಎರಡು ಭಾನುವಾರ ಮೈ ಸರಿಯಿಲ್ಲ ಅಂತ ಹೊದ್ದು ಮಲಗಿದ. ಮೈಗೆ ಏನೂ ಆಗಿರಲಿಲ್ಲ.

ಮೂರನೆಯ ಭಾನುವಾರ ಹಾಗೆ ಮಲಗುವಂತಿರಲಿಲ್ಲ. ಹೊಸ ವರ್ಷದ ಮೊದಲ ಭಾನುವಾರ ಅದು. ಅವತ್ತು ಮೆಥೊಡಿಸ್ಟರು ದೇವರ ಜೊತೆಗಿನ ಒಡಂಬಡಿಕೆಯನ್ನು ಎದ್ದು ನಿಂತು ಒಟ್ಟಿಗೆ ಹೊಸದಾಗಿ ಹೇಳುತ್ತಾರೆ. ಇನ್ನು ನಾನು ನನ್ನ ಸೊತ್ತಲ್ಲ, ನಿನ್ನ ಸೊತ್ತು ಅಂತ ಒಪ್ಪಿಸಿಕೊಡುವ ಪ್ರಾರ್ಥನೆ. ಅದರ ಮಧ್ಯೆ ಒಂದು ಮಾತಿದೆ: ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ನಿನಗಾಗಿ ಮೂಲೆಯಲ್ಲಿ ಕೂರಿಸಿದರೂ ಸರಿ. ವರ್ಷ ವರ್ಷವೂ ಈ ಮಾತನ್ನು ರಾಗದಜ್ಜ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದ. ಮೂಲೆ ಅವನ ಪಾಲಿಗೆ ಬಂದಿರಲಿಲ್ಲವಲ್ಲ, ಹೇಳುವುದಕ್ಕೇನು ಕಷ್ಟ?

ಶನಿವಾರ ಸಂಜೆ ಅವನ ಹೆಂಡತಿ, ಈಗ ಎಲ್ಲರ ಬಾಯಲ್ಲೂ ಅಜ್ಜಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಬ್ಲೌಸು, ಸ್ಕೂಲ್ ಯೂನಿಫಾರ್ಮು ಹೊಲಿದು ಸಂಸಾರಕ್ಕೆ ಹೆಗಲು ಕೊಟ್ಟವಳು. ಚರ್ಚಿನ ಮೇಜಿಗೆ ಹಾಸುವ ಬಿಳಿ ಬಟ್ಟೆಯ ಅಂಚು ಬಿಚ್ಚಿಹೋಗಿತ್ತು, ಅದನ್ನು ಮಡಚಿ ಹೊಲಿಯುತ್ತಿದ್ದಳು. ರಾಗದಜ್ಜ ಎದುರಿಗೆ ಬಂದು ಕೂತು ಹೇಳಿದ.

“ನಾಳೆ ಬರ್ತೀನಿ. ಆದ್ರೆ ಆ ಮಾತು ಬಂದಾಗ ಹೇಳಲ್ಲ. ಮೂಲೆಗೆ ಕೂರಿಸಿದ್ದು ನನಗೆ ಸರಿ ಅನ್ನಿಸಿಲ್ಲ. ಎದ್ದು ನಿಂತು ದೇವರಿಗೆ ಸುಳ್ಳು ಹೇಳೋದು ನನ್ನ ಕೈಲಿ ಆಗಲ್ಲ.”

ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು. ಅವನ ಬಲಗಡೆಗೆ ಬಂದು, ಕೇಳುವ ಹಾಗೆ ಹೇಳಿದಳು.

“ಅಂಥಾ ಕಷ್ಟದ ಮಾತೇನಲ್ಲ ರೀ ಅದು. ಅಭ್ಯಾಸ ಆಗುತ್ತೆ.”

ಅವನಿಗೆ ರೇಗಿತು. ಇವಳಿಗೇನು ಗೊತ್ತು, ಮುಂದೆ ನಿಂತವಳಲ್ಲ, ಇಳಿದವಳಲ್ಲ ಅಂದುಕೊಂಡು ಎದ್ದು ಹೋದ.

ಮರುದಿನ ಚರ್ಚಿನ ಬಾಗಿಲಲ್ಲಿ ಕಾಲು ತಡವರಿಸಿತು. ಎಲ್ಲಿ ಕೂರುವುದು? ಇಷ್ಟು ವರ್ಷವೂ ಅವನ ಜಾಗ ಮುಂದೆ, ಒಂಟಿ ಕುರ್ಚಿಯಲ್ಲಿ. ಅಜ್ಜಿ ಅವನ ಅಂಗಿಯ ತೋಳು ಹಿಡಿದು ಮೂರನೇ ಸಾಲಿಗೆ ಕರೆದುಕೊಂಡು ಹೋದಳು. ಕಂಬದ ಪಕ್ಕ ತಾನು ಕೂತು, ಬೆಂಚಿನ ಮೇಲೆ ಯಾವತ್ತೂ ಕೈಚೀಲ ಇಡುತ್ತಿದ್ದ ಜಾಗದಿಂದ ಚೀಲ ತೆಗೆದು ಕಾಲ ಬಳಿ ಇಟ್ಟಳು. ಅವನು ಅವಳ ಎಡಕ್ಕೆ ಕೂತ, ಬಲಗಿವಿ ಅವಳ ಕಡೆಗೆ ಬಂತು. ಗಂಡ ಹೆಂಡತಿ ಚರ್ಚಿನಲ್ಲಿ ಪಕ್ಕಪಕ್ಕ ಕೂತದ್ದು ಮದುವೆಯ ದಿನ ಬಿಟ್ಟರೆ ಅವತ್ತೇ.

ಸೊಸೆ ಮುಂದೆ ನಿಂತು ಹಾಡು ಎತ್ತಿಕೊಂಡಳು. ಸಭೆ ಎದ್ದು ನಿಂತು ಆರಾಮಾಗಿ ಹಿಡಿದುಕೊಂಡಿತು, ಬೇಕರಿಯವನ ಕೆಮ್ಮೂ ಇಲ್ಲ. ರಾಗದಜ್ಜನಿಗೆ ಅದು ಚುಚ್ಚಿತು, ಸುಳ್ಳೇಕೆ. ಪುಸ್ತಕದಲ್ಲಿ ಕಣ್ಣಿಟ್ಟು, ಉಳಿದಿರುವ ಕಿವಿಗೆ ಯಾವ ಯಾವ ದನಿ ಸಿಗುತ್ತದೆ ಅಂತ ಹುಡುಕಿದ. ಹಿಂದಿನಿಂದ ಬೇಕರಿಯವನ ದಪ್ಪ ದನಿ ಸಿಕ್ಕಿತು. ಕಂಬದಾಚೆಯಿಂದ ಮಗನದು ಸಿಕ್ಕಿತು. ಮಗ್ಗುಲಲ್ಲೇ ಇದ್ದ ಹೆಂಡತಿಯ ದನಿ ಮಾತ್ರ ಇಲ್ಲ. ಕಣ್ಣಂಚಿನಲ್ಲಿ ನೋಡಿದ. ಅವಳ ತುಟಿ ಸಾಲು ತಪ್ಪದೆ ಆಡುತ್ತಿತ್ತು. ಇದ್ದ ಅರ್ಧ ಕಿವಿಯೂ ಹೋಯಿತು ಅಂದುಕೊಂಡ. ಪುಸ್ತಕ ನೋಡುವ ನೆಪದಲ್ಲಿ ಬಾಗಿ, ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೇ ತಂದ. ಬಿಸಿ ಉಸಿರು ಕಿವಿಗೆ ತಾಗಿತು. ಉಸಿರು ಅಷ್ಟೇ. ಅವಳು ಹಾಡುತ್ತಿರಲಿಲ್ಲ, ಬಾಯಾಡಿಸುತ್ತಿದ್ದಳು.

ಮೂರನೇ ಸಾಲು. ಕಂಬದ ಪಕ್ಕ. ಅವಳು ಹೊಸ ಮದುವಣಗಿತ್ತಿಯಾಗಿ ಬಂದು ಕೂತದ್ದೂ ಇಲ್ಲೇ. ಮನೆಯ ಸಂಜೆ ಪ್ರಾರ್ಥನೆಯಲ್ಲೂ ತನ್ನ ದನಿಯೇ ಮನೆ ತುಂಬುತ್ತಿತ್ತು, ಅವಳ ದನಿ ಯಾವ ಶ್ರುತಿಯದು ಅಂತ ಒಂದು ದಿನವೂ ಕೇಳಿರಲಿಲ್ಲ.

ಹಾಡು ಮುಗಿದು ಎಲ್ಲರೂ ಕೂತಾಗ ಮೆಲ್ಲಗೆ ಕೇಳಿದ. “ಯಾವಾಗಿಂದ?”

“ನೀವು ಹೇಳಿದಾಗಿಂದ,” ಅಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಮನಸ್ಸಲ್ಲಿ ಹಾಡ್ಕೊಳ್ಳಿ ಅಂದ್ರಲ್ಲ.”

ಅಷ್ಟರಲ್ಲಿ ಪಾಸ್ಟರು ಎಲ್ಲರನ್ನೂ ಎಬ್ಬಿಸಿದರು, ಒಡಂಬಡಿಕೆಯ ಪ್ರಾರ್ಥನೆ ಶುರುವಾಯಿತು. ಒಂದೊಂದೇ ಮಾತು ಸಾಗಿ ಆ ಮಾತು ಬಂತು. ಕೆಲಸಕ್ಕೆ ಹಚ್ಚಿದರೂ ಸರಿ, ಮೂಲೆಯಲ್ಲಿ ಕೂರಿಸಿದರೂ ಸರಿ. ಅಜ್ಜಿ ಅದನ್ನು ಸ್ಪಷ್ಟವಾಗಿ, ಎಲ್ಲೂ ತಡೆಯದೆ, ಮನೆಯಲ್ಲಿ ಊಟಕ್ಕೆ ಕರೆಯುವಷ್ಟು ಸಲೀಸಾಗಿ ಹೇಳಿದಳು. ಹೇಳುವುದಕ್ಕೆ ಶ್ರುತಿ ಬೇಕಿಲ್ಲವಲ್ಲ. ರಾಗದಜ್ಜ ಹೇಳಲಿಲ್ಲ. ನಿನ್ನೆಯ ಹಟಕ್ಕಲ್ಲ. ಇವಳು ಮೂಲೆಯಲ್ಲಿ ಕೂತು ಇದನ್ನು ಪ್ರತಿ ವರ್ಷವೂ ಹೇಳಿದ್ದಾಳೆ, ಆ ಮೂಲೆಗೆ ಕೂರಿಸಿದವನು ದೇವರಲ್ಲ, ನಾನು ಅನ್ನುವುದು ಅವನ ತಲೆಯಲ್ಲಿ ಸುತ್ತುತ್ತಿತ್ತು.

ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಸಾಲು ಸಾಲಾಗಿ ಎದ್ದರು. ಯಾವಾಗಲೂ ಎಲ್ಲರೂ ಹೋಗಿ ಮುಗಿಯುವ ತನಕ ಹಾಡುತ್ತಾ ನಿಂತು, ಕೊನೆಗೆ ಒಬ್ಬನೇ ಮೊಣಕಾಲೂರುತ್ತಿದ್ದವನು ಅವತ್ತು ಹೆಂಡತಿಯ ಪಕ್ಕದಲ್ಲಿ ಊರಿದ. ಎದುರಿಗೆ ಅವಳು ಹೊಲಿದ ಬಿಳಿ ಅಂಚು ಕಾಣುತ್ತಿತ್ತು. ರೊಟ್ಟಿಯ ತುಂಡು ಕೈಗೆ ಬರುವ ಮೊದಲು, ಬಿಟ್ಟುಹೋಗಿದ್ದ ಮೂಲೆಯ ಮಾತನ್ನು ತಲೆ ತಗ್ಗಿಸಿ ಹೇಳಿ ಮುಗಿಸಿದ. ಪಾಸ್ಟರು ಅವನ ಮುಂದೆ ಒಂದು ಗಳಿಗೆ ಕಾದು ನಿಂತರು.

ಕೊನೆಯ ಹಾಡಿಗೆ ಎಲ್ಲರೂ ಎದ್ದಾಗ ರಾಗದಜ್ಜ ತನ್ನ ಪುಸ್ತಕ ಮುಚ್ಚಿ, ಹೆಂಡತಿಯ ಪುಸ್ತಕದ ಒಂದು ಕೊನೆ ಹಿಡಿದುಕೊಂಡ.

“ಹಾಡು,” ಅಂದ.

“ಸುಮ್ನಿರಿ. ಶ್ರುತಿ ಕೆಡುತ್ತೆ.”

“ಕೆಡಲಿ. ನಾನು ಅವತ್ತು ಅಂದಿದ್ದು ತಪ್ಪು. ಇದೊಂದು ಕಿವಿ ಇನ್ನೂ ಇದೆ, ಅದು ಇರೋವಾಗ್ಲೇ ಹಾಡು.”

ಅಜ್ಜಿ ಅವನನ್ನು ಒಮ್ಮೆ ನೋಡಿದಳು. ಮೊದಲ ಚರಣ ಬರೀ ತುಟಿಯಲ್ಲೇ ಹೋಯಿತು. ಎರಡನೆಯದರಲ್ಲಿ ದನಿ ಸಣ್ಣಗೆ ಹೊರಬಿತ್ತು. ಶ್ರುತಿಗಿಂತ ಒಂದೆಳೆ ಕೆಳಗೆ, ಆವತ್ತು ಹೇಗಿತ್ತೋ ಹಾಗೇ. ಮುಂದಿನ ಬೆಂಚಿನ ಕಾಂಪೌಂಡರ್ ತಿರುಗಿ ನೋಡಿದ. ರಾಗದಜ್ಜ ಸರಿಯಾದ ಶ್ರುತಿಯನ್ನು ಸೊಸೆಗೆ ಬಿಟ್ಟುಕೊಟ್ಟು, ತನ್ನ ದನಿಯನ್ನು ಹೆಂಡತಿಯ ದನಿ ಇದ್ದಲ್ಲಿಗೆ ಇಳಿಸಿದ. ಈಗ ಮೂರನೇ ಸಾಲಿನಲ್ಲಿ ಇಬ್ಬರು ತಪ್ಪು ಹಾಡುತ್ತಿದ್ದರು. ಸೊಸೆಗೆ ಅದು ಕೇಳಿಸಿತು. ಆ ಕಡೆ ನೋಡಿದಳು, ಅತ್ತೆ ಮಾವ ಇಬ್ಬರನ್ನೂ ನೋಡಿದಳು, ಕೈ ಎತ್ತಿ ಹಾಡು ನಿಲ್ಲಿಸಲಿಲ್ಲ.