ಗೋದಾಮಿನಲ್ಲಿ ಮೂರು ಕುರ್ಚಿ

ಆಳಂದಕ್ಕೆ ಬಂದ ಮೊದಲ ಮಧ್ಯಾಹ್ನ ನಾನು ಒಗೆದು ಹಾಕಿದ ಅಂಗಿ, ಎರಡನೆಯ ಅಂಗಿಯನ್ನು ಹಿಂಡಿ ಮುಗಿಸುವಷ್ಟರಲ್ಲಿ ಒಣಗಿ ಹೋಗಿತ್ತು. ಹಗ್ಗದ ಮೇಲೆ ಹಪ್ಪಳದ ಹಾಗೆ ಸೆಟೆದಿತ್ತು. ಫ್ಯಾನಿನ ಕೆಳಗೆ ಮೂರು ದಿನ ಹರವಿದರೂ ಆರದ ಬಟ್ಟೆಯ ವಾಸನೆಯಲ್ಲೇ ಮಂಗಳೂರಿನಲ್ಲಿ ಬೆಳೆದ ನನಗೆ ಅದು ಅನುಕೂಲ ಅನಿಸಲಿಲ್ಲ, ಹೆದರಿಕೆಯಾಯಿತು. ಸಂಜೆಯ ಹೊತ್ತಿಗೆ ತುಟಿ ಒಡೆದು ರಕ್ತ ಬಂತು. ಮೂರನೆಯ ದಿನ ನನ್ನ ಅಂಟು ಡಬ್ಬಿಯೊಳಗೇ ಕಲ್ಲಾಯಿತು.

ನಾನು ಬಂದದ್ದು ಹೆಂಡತಿಯ ಹಿಂದೆ. ಅನಿತಾ ಪಶುವೈದ್ಯೆ, ಅವಳನ್ನು ಈ ತಾಲೂಕಿಗೆ ಹಾಕಿದರು. ನಾನು ವಿಮಾನದ ಕುರ್ಚಿಗಳನ್ನು ವಿನ್ಯಾಸ ಮಾಡುವವನು. ಎಲ್ಲ ಕುರ್ಚಿಗಳನ್ನಲ್ಲ, ವಿಮಾನದ ಮುಂಭಾಗದಲ್ಲಿ ದುಬಾರಿ ಟಿಕೆಟಿನವರು ಕಾಲು ಚಾಚಿ ಮಲಗಿ ಹೋಗುತ್ತಾರಲ್ಲ, ಅವುಗಳನ್ನು. ಅಂಥ ಒಂದೊಂದು ಕುರ್ಚಿಗೂ ಸುತ್ತ ಎದೆಮಟ್ಟದ ಗೋಡೆ, ಜಾರುವ ಬಾಗಿಲು, ಚಿಕ್ಕ ದೀಪ. ಕಂಪನಿ ಇರುವುದು ಪರದೇಶದಲ್ಲಿ. ಕಂಪ್ಯೂಟರ್ ಇದ್ದಲ್ಲಿ ನನ್ನ ಕೆಲಸ. ‘ನಿನಗೇನು, ಎಲ್ಲಿದ್ದರೂ ಒಂದೇ’ ಎಂದು ಹೇಳಿದವರು ನಮ್ಮ ಮನೆಯವರೇ. ಎಲ್ಲಿದ್ದರೂ ಒಂದೇ ಅಲ್ಲ ಎಂದು ತಿಳಿಯಲು ಒಂದು ವಾರ ಸಾಕಾಯಿತು.

ಮನೆ ಸಿಕ್ಕಿದ್ದು ಶಾಂತಪ್ಪ ಎಂಬ ತೊಗರಿ ವ್ಯಾಪಾರಿಯ ಮಹಡಿಯ ಮೇಲೆ. ಪ್ರತಿ ಅಮಾವಾಸ್ಯೆಗೆ ತಪ್ಪದೆ ಜಿಡಗಾ ಮಠಕ್ಕೆ ಹೋಗಿಬರುವ, ಉಳಿದ ದಿನಗಳಲ್ಲಿ ಬಾಡಿಗೆದಾರರ ಊಟ ನಿದ್ದೆಗಳನ್ನೆಲ್ಲ ವಿಚಾರಿಸುವ ಮನುಷ್ಯ. ನಲ್ಲಿಯಲ್ಲಿ ನೀರು ಬರುವ ದಿನ ಯಾವುದೆಂದು ಕೇಳಿದೆ. ‘ದಯವಿಟ್ಟು ನೀರಿನ ವ್ಯವಸ್ಥೆಯ ಬಗ್ಗೆ ಸ್ವಲ್ಪ ತಿಳಿಸುತ್ತೀರಾ?’ ಎಂದೇ ಕೇಳಿದ್ದು, ನಮ್ಮ ಕಡೆ ಕೇಳುವ ಹಾಗೆ. ಅವರು ಹೆಂಡತಿಯನ್ನು ಒಳಗಿಂದ ಕರೆದರು. “ಬಾರ ಇಲ್ಲಿ, ಇವ್ರು ಮಾತಾಡೂದು ಕೇಳ. ಖರೇನ ಟೀವಿ ನ್ಯೂಸ್ ಓದಿದಂಗ ಅದ!”

ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವರು ನಾವು. ಇಲ್ಲಿಯವರ ಬಾಯಲ್ಲಿ ಒಂದೇ ವಾಕ್ಯದೊಳಗೆ ಕನ್ನಡ, ದಖನಿ ಉರ್ದು, ಮರಾಠಿ ಮೂರೂ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತವೆ. ‘ತಕಲೀಫ್’ ಎಂದರೆ ತೊಂದರೆ, ‘ಜರಾ’ ಎಂದರೆ ಸ್ವಲ್ಪ. ಇವೆಲ್ಲ ಬೇಗ ಬಂದವು. ಫಜೀತಿಯಾದದ್ದು ನನಗೆ ಮೊದಲೇ ಗೊತ್ತಿದ್ದ ಮಾತುಗಳಿಂದ. ಶಾಂತಪ್ಪನವರ ಮನೆಯಿಂದ ಜೋಳದ ರೊಟ್ಟಿಯ ಜೊತೆ ‘ಶೇಂಗಾ ಹಿಂಡಿ’ ಬಂದಾಗ ನಾನು ತಟ್ಟೆಯನ್ನು ದಿಟ್ಟಿಸುತ್ತ ಕುಳಿತೆ. ನಮ್ಮಲ್ಲಿ ಹಿಂಡಿ ತಿನ್ನುವುದು ದನ. ಇಲ್ಲಿ ಅದು ಕಡಲೆಕಾಯಿ ಚಟ್ನಿಪುಡಿ. ಅನಿತಾ ನಕ್ಕು, “ಡಾಕ್ಟರ್ ಹೇಳ್ತಿದ್ದೇನೆ, ತಿನ್ನು” ಎಂದಳು. ಆರು ತಿಂಗಳಲ್ಲಿ ಅದಿಲ್ಲದೆ ನನಗೆ ಊಟ ಇಳಿಯದಂತಾಯಿತು. ಮೀನಿನ ನೆನಪು ಮಾತ್ರ ಹೋಗಲಿಲ್ಲ.

ಅನಿತಾ ಬೆಳಿಗ್ಗೆ ಜೀಪು ಹತ್ತಿ ನರೋಣಾ ಕಡೆಗೋ ಇನ್ನೆಲ್ಲಿಗೋ ಹೊರಟರೆ ಸಂಜೆಯೇ ಬರುವುದು. ಅವಳಿಗೆ ಒಂದೇ ತಿಂಗಳಲ್ಲಿ ಊರು ತುಂಬ ಪರಿಚಯ. ಎಮ್ಮೆ ಹುಷಾರಾದರೆ ಸಾಕು, ಅವಳ ಕನ್ನಡ ಹೇಗಿದೆ ಎಂದು ಯಾರೂ ನೋಡುತ್ತಿರಲಿಲ್ಲ. ನನಗೆ ಮಾತನಾಡಲು ಪರದೆಯ ಮೇಲಿನ ಮುಖಗಳು. ಮಧ್ಯಾಹ್ನಗಳಲ್ಲಿ ತಡೆಯಲಾಗದೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಉಮರ್ಗಾ, ಸೊಲ್ಲಾಪುರ, ಕಲಬುರಗಿ. ಯಾವ ಬಸ್ಸು ಹೊರಟರೂ ಹತ್ತಿಬಿಡೋಣ ಅನಿಸುತ್ತಿತ್ತು.

ಕೊನೆಗೆ ಶಾಂತಪ್ಪನವರ ಖಾಲಿ ಗೋದಾಮನ್ನು ಬಾಡಿಗೆಗೆ ಹಿಡಿದೆ. ಕುರ್ಚಿಯ ಗುಣ ಪರದೆಯ ಮೇಲೆ ತಿಳಿಯುವುದಿಲ್ಲ. ನಿಜವಾದ ಅಳತೆಯಲ್ಲಿ ಪ್ಲೈವುಡ್, ಸ್ಪಂಜಿನಿಂದ ಮಾಡಿ ಮೈಯಿಟ್ಟು ನೋಡಬೇಕು. ತೊಗರಿಯ ಧೂಳು ಇನ್ನೂ ಗೋಡೆಗಂಟಿದ್ದ ಆ ಗೋದಾಮಿನಲ್ಲಿ ನನ್ನ ಕುರ್ಚಿ ಎದ್ದು ನಿಂತಿತು. ಅದರ ಸುತ್ತಲಿನ ಬಾಗಿದ ಗೋಡೆ ನನ್ನದೇ ಪಾಲಿನ ಕೆಲಸ, ಒಂದು ವರ್ಷಕ್ಕೂ ಮಿಕ್ಕಿದ ಕೆಲಸ. ಒಳಗೆ ಕುಳಿತವರಿಗೆ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯನಿದ್ದಾನೆ ಎಂಬುದೇ ತಿಳಿಯಬಾರದು. ಅದು ಅದರ ಹೆಚ್ಚುಗಾರಿಕೆ.

ಮೆತ್ತೆ ಹೊಲಿಯಲು ಯಾರಿದ್ದಾರೆ ಎಂದು ಕೇಳಿದಾಗ ಶಾಂತಪ್ಪನವರು ಮಹಬೂಬಬಿಯವರನ್ನು ಕರೆಸಿದರು. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗಾದಿ ಅಂಗಡಿ, ತಲೆಮಾರುಗಳಿಂದ ಹತ್ತಿ ಹಿಂಜುವ ಮನೆತನ. ವಯಸ್ಸು ಐವತ್ತೈದರ ಮೇಲಿರಬೇಕು. ಎಡಗಾಲು ಮಡಚುವುದಿಲ್ಲ. ಎಂದೋ ನಿಚ್ಚಣಿಕೆಯಿಂದ ಬಿದ್ದದ್ದು. ಅವರು ಕುರ್ಚಿಯ ಸುತ್ತ ಒಂದು ಸಲ ಕುಂಟುತ್ತ ಬಂದು, ಸ್ಪಂಜನ್ನು ಮುಷ್ಟಿಯಿಂದ ಒತ್ತಿ, ಗೋಡೆಯ ಮೇಲಿಂದ ಇಣುಕಿದರು.

“ಇದರಾಗ ಒಬ್ಬರೇ ಏನ್ರಿ?”

“ಹೌದು, ಒಬ್ಬರೇ.”

“ಬಾಜೂಕ ಯಾರೂ ಕಾಣಂಗಿಲ್ಲ?”

“ಕಾಣಬಾರದು. ಅದಕ್ಕೇ ಗೋಡೆ.”

ಅವರು ನನ್ನನ್ನೇ ನೋಡಿದರು. “ಅಷ್ಟು ದೂರ ಒಬ್ಬರೇ ಹ್ಯಾಂಗ ಹೋಗ್ತಾರ್ರಿ, ಪಾಪ.”

ಎರಡು ವಾರ ಅವರು ದಿನಾ ಬಂದರು. ಸೊಂಟದ ಕೆಳಗೆ ಎರಡು ಮೆತ್ತೆಗಳು ಕೂಡುವಲ್ಲಿ ಮೈಗೆ ಒತ್ತುತ್ತದೆ ಎಂಬುದನ್ನು, ನಮ್ಮ ತಂಡ ಯಂತ್ರವಿಟ್ಟು ಅಳೆದದ್ದನ್ನು, ಅವರು ಅಂಗೈಯಿಂದ ಹೇಳಿದರು. ನನ್ನ ನ್ಯೂಸ್ ಕನ್ನಡಕ್ಕೆ ಅವರೂ ನಗುತ್ತಿದ್ದರು. ಆದರೆ ನಕ್ಕಾದ ಮೇಲೆ ಉತ್ತರ ಕೊಡುತ್ತಿದ್ದರು. ಈ ಊರಿನಲ್ಲಿ ನಾನು ಯಾರನ್ನಾದರೂ ಕಾದು ಕುಳಿತದ್ದು ಅದೇ ಮೊದಲು.

ಒಂದು ದಿನ ದಾರ ಪೋಣಿಸುತ್ತ, ತಾವು ಉಮ್ರಾಕ್ಕೆ ಹೊರಟಿರುವುದಾಗಿ ಹೇಳಿದರು. ಮಕ್ಕಾ ಯಾತ್ರೆ. ಅಣ್ಣ ಜೊತೆಗಿದ್ದಾನೆ, ಆಳಂದ ಮತ್ತು ಅಫಜಲಪುರದ ಹೆಂಗಸರ ಗುಂಪಿದೆ, ಹೈದರಾಬಾದಿನಿಂದ ವಿಮಾನ. ಅವರಲ್ಲಿ ಒಬ್ಬರೂ ವಿಮಾನ ಹತ್ತಿದವರಲ್ಲ.

“ಒಳ್ಳೆಯದಾಯಿತಲ್ಲ” ಎಂದೆ.

“ಆಯ್ತು ಖರೆ. ನಾ ಹಿಂದಿನ ದಿನದಿಂದ ನೀರು ಬಂದ್ ಮಾಡ್ತೇನ್ರಿ.”

“ಯಾಕೆ?”

ಅವರು ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟರು. “ಹೋಗಿ ಬಂದೋರು ಹೇಳ್ಯಾರ. ನಡುವ ಕೂಡ್ರಸ್ತಾರ, ಹಗೇವದಾಗ ಚೀಲ ತುರುಕಿದಂಗ. ಈ ಕಾಲ ಮಡಚಂಗಿಲ್ಲ. ಬಾಜೂಕ ಗಂಡಸರು ಇದ್ರ ಏಳ್ರಿ ಏಳ್ರಿ ಅಂತ ಎಷ್ಟು ಸಲ ಅನ್ಲಿ? ಕುಡದ್ರಲ್ಲ ತಕಲೀಫ್? ಕುಡಿಯೂದs ಬ್ಯಾಡ.” ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಆಮೇಲೆ ಇನ್ನೂ ಮೆಲ್ಲಗೆ, “ಅದೂ ಆಗಲಿಲ್ಲಂದ್ರ ಹೋಗೂದs ಬಿಡ್ತೇನಿ. ಅಣ್ಣಗ ಇನ್ನಾ ಹೇಳಿಲ್ಲ” ಎಂದರು.

ವಿಮಾನದ ಹಿಂಭಾಗದ ಆ ಕುರ್ಚಿಗಳ ಅಳತೆ ನನಗೆ ಬಾಯಿಪಾಠ. ಒಂದು ಸಾಲಿಗೂ ಮುಂದಿನದಕ್ಕೂ ಎಷ್ಟು ಇಂಚು, ಮೊಣಕಾಲಿಗೆ ಎಷ್ಟು ಉಳಿಯುತ್ತದೆ, ಎಲ್ಲ ಗೊತ್ತು. ಮುಂಭಾಗದಲ್ಲಿ ನಾವು ಜಾಗ ಹಿಗ್ಗಿಸಿದಷ್ಟೂ ಹಿಂದಿನ ಸಾಲುಗಳನ್ನು ಒತ್ತೊತ್ತಾಗಿ ಕೂಡಿಸುತ್ತಾರೆ ಎಂಬುದೂ ಗೊತ್ತು. ಅಲ್ಲಿ ನೀರು ಬಿಟ್ಟು ಕೂರುವವರು ಇರುತ್ತಾರೆಂದು ಮಾತ್ರ ಗೊತ್ತಿರಲಿಲ್ಲ. ಇಷ್ಟು ವರ್ಷ ಕುರ್ಚಿಗಳ ಜೊತೆಗೇ ಬದುಕಿ, ಇದನ್ನು ಒಮ್ಮೆಯೂ ಕೇಳಿರಲಿಲ್ಲ.

“ನೀವು ಕೂರುವ ಕುರ್ಚಿ ನಾನು ಮಾಡಿ ತೋರಿಸುತ್ತೇನೆ. ಹೋಗುವ ಮೊದಲು ಕೂತು ನೋಡಿ, ಎದ್ದು ನೋಡಿ” ಎಂದೆ.

ಅವರು ಹೊರಡಲು ಐದು ದಿನವಿತ್ತು. ನಾಲ್ಕನೆಯ ದಿನ ನಮ್ಮ ತಂಡದ ಮುಖ್ಯಸ್ಥೆ ಹೆಲೆನ್‌ಗೆ ವಿಡಿಯೋದಲ್ಲಿ ನನ್ನ ಮಾದರಿಯನ್ನು ತೋರಿಸಬೇಕಿತ್ತು. ಹೊಸ ಕುರ್ಚಿಗಳಿಗೆ ಬೇಕಾದ ದಪ್ಪದ ಪ್ಲೈವುಡ್ ಆಳಂದದಲ್ಲಿ ಇರಲಿಲ್ಲ; ಕಲಬುರಗಿಯಲ್ಲಿ ಕೇಳಿದರೆ ಮುಂದಿನ ವಾರ ಎಂದರು. ನಾನು ಗೋದಾಮಿನಲ್ಲಿ ಅತ್ತಿಂದಿತ್ತ ಓಡಾಡಿದೆ. ಅನಿತಾ ಬಂದು ಬಾಗಿಲಲ್ಲಿ ನಿಂತಾಗ ಗರಗಸ ಕೈಯಲ್ಲಿತ್ತು.

“ಏನು ಕಡಿಯುತ್ತಿದ್ದಿ?”

“ಗೋಡೆ.”

ಅವಳಿಗೆ ಆ ಗೋಡೆಯ ಪ್ರತಿ ತಿರುವೂ ಗೊತ್ತಿತ್ತು, ಅಷ್ಟು ಸಲ ನಾನು ವರ್ಣಿಸಿದ್ದೆ. “ಆಮೇಲೆ ನನ್ನ ಮೇಲೆ ಸಿಡುಕಬೇಡ” ಎಂದು ಹೇಳಿ, ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

ಗೋಡೆಯಿಂದ ಮೂರು ಕುರ್ಚಿಗಳ ಒಂದು ಸಾಲಾಯಿತು. ಮಿಕ್ಕ ಹಲಗೆಯಿಂದ ಮುಂದಿನ ಸಾಲಿನ ಬೆನ್ನು, ಅದಕ್ಕೆ ಮಡಚುವ ತಟ್ಟೆ. ಬೆಲ್ಟಿಗೆ ಹಳೆಯ ಜೀಪಿನ ಪಟ್ಟಿ. ಅಳತೆಯಲ್ಲಿ ಒಂದು ಎಳೆಯಷ್ಟೂ ಔದಾರ್ಯ ತೋರಿಸಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಯಾತ್ರೆಯ ಗುಂಪಿನ ಹನ್ನೊಂದು ಹೆಂಗಸರು ಬಂದರು. ಅಫಜಲಪುರದವರು ಬಸ್ಸಿನಲ್ಲಿ ಬಂದು, ಬುತ್ತಿ ಬಿಚ್ಚಿ, ಮೊದಲು ನನಗೆ ತಿನ್ನಿಸಿದರು. ನಂತರ ಮೂವರು ಮೂವರಾಗಿ ಕುಳಿತರು. ಅಫಜಲಪುರದ ದೊಡ್ಡ ಮೈಯ ಒಬ್ಬಾಕೆ ನಡುವೆ ಸಿಕ್ಕಿಕೊಂಡು, “ಏ ಬೇ, ಜರಾ ಸರಿ, ಉಸುರು ಬಿಡಾಕ ಜಾಗಾ ಇಲ್ಲ” ಎಂದಾಗ ಗೋದಾಮು ನಗೆಯಿಂದ ತುಂಬಿತು. ಆದರೆ ಮಹಬೂಬಬಿ ನಗಲಿಲ್ಲ. ಅವರ ಸರದಿ ಬಂದಾಗ ಕಿಟಕಿಯ ಬದಿಗೆ ಕುಳಿತು ನೋಡಿದರು, ಆಗಲಿಲ್ಲ. ನಡುವಿನದರಲ್ಲಿ ಎಡಗಾಲು ಮುಂದಿನ ಹಲಗೆಗೆ ತಾಗಿ ಮುಖ ಕಿವುಚಿತು. ಏಳಲು ಹೋಗಿ ಮತ್ತೆ ಕುಸಿದರು.

“ನೋಡಿದ್ರ್ಯಾ ಸರ? ನಾ ಹೇಳ್ಲಿಲ್ಲೇನು” ಎಂದರು. ಕಣ್ಣಲ್ಲಿ ನೀರಿತ್ತು.

“ಇನ್ನೊಂದು ಕುರ್ಚಿ ಉಳಿದಿದೆ” ಎಂದೆ.

ವಿಮಾನದ ನಡುವಿನ ದಾರಿಗೆ ಆ ಹೆಂಗಸರು ಆಗಲೇ ‘ಓಣಿ’ ಎಂದು ಹೆಸರಿಟ್ಟಿದ್ದರು. ಬಲಗಡೆಯ ಸಾಲಿನಲ್ಲಿ ಓಣಿಗೆ ತಾಗಿದ ಕುರ್ಚಿಯಲ್ಲಿ ಕುಳಿತರೆ ಎಡಗಾಲು ಓಣಿಯ ಕಡೆಗೆ ಬರುತ್ತದೆ, ಆಗಾಗ ಚಾಚಬಹುದು. ಇನ್ನೂ ಒಂದಿದೆ. ಓಣಿಯ ಕಡೆಯ ಕೈಯಾಸರೆ ಏಳುವುದಿಲ್ಲ ಎಂದೇ ಎಲ್ಲರೂ ತಿಳಿದಿರುತ್ತಾರೆ. ಬಹಳಷ್ಟು ವಿಮಾನಗಳಲ್ಲಿ ಅದರ ಕೆಳಗೆ, ಹಿಂದಿನ ಕೀಲಿನ ಹತ್ತಿರ, ಕಣ್ಣಿಗೆ ಕಾಣದ, ಬೆರಳಿಗೆ ಸಿಗುವ ಒಂದು ಗುಂಡಿ ಇರುತ್ತದೆ. ಒತ್ತಿದರೆ ಕೈಯಾಸರೆ ಮೇಲಕ್ಕೆ ಏಳುತ್ತದೆ. ನಾನು ಬಾಗಿಲ ಚಿಲಕದಿಂದ ಅಂಥದೊಂದನ್ನು ಮಾಡಿಟ್ಟಿದ್ದೆ.

ಹತ್ತಿಯೊಳಗೆ ಮುರಿದ ಸೂಜಿ ಹುಡುಕಿ ಪಳಗಿದ ಬೆರಳುಗಳು ಅದನ್ನು ಒಂದೇ ಸಲಕ್ಕೆ ಕಂಡುಕೊಂಡವು. ಕೈಯಾಸರೆ ಎದ್ದಿತು. ಮಹಬೂಬಬಿ ಸೊಂಟ ತಿರುಗಿಸಿ, ಎರಡೂ ಪಾದ ಓಣಿಯಲ್ಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಮತ್ತೆ ಕುಳಿತರು. ಮತ್ತೆ ಎದ್ದರು. ಆರು ಸಲವೋ ಏಳು ಸಲವೋ. ಕೊನೆಗೆ, “ಯಾರರ ನೀರು ಕೊಡ್ರೇ” ಎಂದರು. ಅದೇ ಸಂಜೆ ಯಾತ್ರೆಯ ಏಜೆಂಟನಿಗೆ ಫೋನು ಮಾಡಿ ಅವರಿಗೆ ಬಲಗಡೆಯ ಓಣಿಯ ಕುರ್ಚಿಯನ್ನೇ ಪಟ್ಟುಹಿಡಿದು ಬರೆಸಿದೆ.

ಮರುದಿನ ಹೆಲೆನ್‌ಗೆ ಕ್ಯಾಮೆರಾ ತಿರುಗಿಸಿ ತೋರಿಸಿದೆ. “ಗೋಡೆ ಎಲ್ಲಿ?” ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಅವಳು ಬಯ್ಯಲಿಲ್ಲ, ನಗಲೂ ಇಲ್ಲ. ಎರಡು ದಿನಗಳ ನಂತರ ಚಿಕ್ಕ ಮೇಲ್ ಬಂತು: ಗೋಡೆ ಮತ್ತು ಬಾಗಿಲಿನ ಕೆಲಸ ಇನ್ನು ಮುಂದೆ ಇನ್ನೊಬ್ಬನ ಪಾಲಿಗೆ, ನಾನು ಮೆತ್ತೆಯನ್ನಷ್ಟೇ ನೋಡಿಕೊಳ್ಳಬೇಕು. ನನಗೆ ದುಃಖವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ವಾರ ಅನಿತಾಳ ಮೇಲೆ ಸಿಡುಕಿದೆ. ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುವುದು ಮತ್ತೆ ಶುರುವಾಯಿತು. ಮಂಗಳೂರಿನಲ್ಲಿದ್ದಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ನೂರು ಸಲ ಕೇಳಿಕೊಂಡೆ. ಅಲ್ಲಿ ಪ್ಲೈವುಡ್ ಸಿಗುತ್ತಿತ್ತು. ಮಹಬೂಬಬಿ ಸಿಗುತ್ತಿರಲಿಲ್ಲ.

ಅವರು ಯಾತ್ರೆ ಮುಗಿಸಿ, ಖರ್ಜೂರದ ಪೊಟ್ಟಣ ಹಿಡಿದು ಗೋದಾಮಿಗೇ ಬಂದರು. ಮುಖದಲ್ಲಿ ದಣಿವು, ಹೆಮ್ಮೆ.

“ಮೂರು ಸಲ ನೀರು ಕುಡದೆ ಸರ. ಮೂರು ಸಲ ಎದ್ದೆ. ಗುಂಡಿ ಇತ್ತು. ಅಲ್ಲಿ ಕೆಲಸಾ ಮಾಡೂ ಹುಡುಗಿಗೇ ಗೊತ್ತಿದ್ದಿಲ್ಲ, ನಾ ತೋರ್ಸಿದೆ!”

ಕುಳಿತು ಸುಧಾರಿಸಿಕೊಂಡು ಹೇಳಿದರು: “ಒಳಗ ಹೋಗೂ ಮುಂದ ನಿಮ್ಮ ಕುರ್ಚಿ ನೋಡಿದೆ. ಮುಂದಿನ ಭಾಗದಾಗ. ಹೊಲಿಗಿ ಚೊಲೊ ಅದ. ಒಬ್ಬಾಕಿ ಹೆಣ್ಮಗಳು ಒಳಗ ಕುಂತಿದ್ದಳು. ನಾ ಸಲಾಂ ಅಂದೆ. ಆಕಿಗಿ ಕೇಳಸಲಿಲ್ಲ.”

ಅದು ನಮ್ಮ ಕಂಪನಿಯದಲ್ಲ, ಬೇರೆಯವರದು ಎಂದು ಹೇಳಲು ಹೊರಟವನು ಖರ್ಜೂರದ ಪೊಟ್ಟಣ ಬಿಚ್ಚಿದೆ.

ಈಗ ಮಂಗಳೂರಿನ ಗೆಳೆಯರಾದ ನಿಮಗೆ ಹೇಳಬೇಕಾದ ವಿಷಯ. ಅನಿತಾಳಿಗೆ ವರ್ಗವಾಗಿದೆ, ಮಂಗಳೂರಿಗೇ. ಬಂದ ದಿನದಿಂದ ನಾನು ಕೇಳಿಕೊಂಡದ್ದು ಅದನ್ನೇ. ಆದೇಶವನ್ನು ಎರಡು ಸಲ ಓದಿ, ಅವಳನ್ನು ತಬ್ಬಿಕೊಂಡು, ಬಂಗುಡೆ ಸಾರಿನ ಮಾತಾಡಿ, ಮರುದಿನ ಬೆಳಿಗ್ಗೆ ಯಾವ ಕೆಲಸಕ್ಕೂ ಕೈಹತ್ತದೆ ಗೋದಾಮಿನಲ್ಲಿ ಕುಳಿತೆ. ಗೋದಾಮಿನ ಬೀಗದ ಕೈ ಶಾಂತಪ್ಪನವರಿಗೆ ಕೊಡಲು ಎರಡು ಸಲ ಮೆಟ್ಟಿಲು ಇಳಿದು, ಎರಡು ಸಲವೂ ಬರಿದೇ ಮಾತನಾಡಿ ಮೇಲೆ ಬಂದೆ. ಅನಿತಾ ಅದನ್ನು ಗಮನಿಸಿದಳು. “ನಾನು ಸಾಮಾನಿನ ಜೊತೆ ಮುಂದೆ ಹೋಗ್ತೇನೆ. ನೀನು ಮುಗಿಸಿಕೊಂಡು ಬಾ” ಎಂದಳು. ಆದ್ದರಿಂದ ಸ್ಟೇಷನ್ನಿಗೆ ನನ್ನನ್ನು ಕರೆಯಲು ಬರುತ್ತೇನೆಂದವರು ಸ್ವಲ್ಪ ತಾಳಬೇಕು.

ಈ ವಾರ ಉಮ್ರಾಕ್ಕೆ ಹೊರಟ ಇನ್ನೊಂದು ಗುಂಪು ಜೇವರ್ಗಿಯಿಂದ ಬಂತು. ಕುರ್ಚಿಗಳ ಸುದ್ದಿ ಅಲ್ಲಿಗೂ ಮುಟ್ಟಿದೆ. ಮಹಬೂಬಬಿ ಅಂಗಡಿ ಮುಚ್ಚಿ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಮೊದಲು ಕುಳಿತಾಕೆ ವಯಸ್ಸಾದವಳು. ಬೆಲ್ಟಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವು ಯಾವ ಊರವ್ರ್ರಿ?” ಎಂದು ಕೇಳಿದಳು.

ನಾನು ಬಾಯಿ ತೆರೆದೆ. ಮಂಗಳೂರು, ಆಳಂದ ಎರಡೂ ನಾಲಿಗೆಗೆ ಒಟ್ಟಿಗೇ ಬಂದವು.

“ಅವ್ರು ಹೋಗೋರದಾರ” ಎಂದರು ಮಹಬೂಬಬಿ, ನನ್ನ ಕಡೆ ನೋಡದೆ. “ನೀ ಮೊದಲ ಬೆಲ್ಟ್ ಹಾಕ್ಕೋ ಬೇ.”